ಸೆರೆಯಾನೆಯ ನೆನಪು ಮತ್ತು ನಮ್ಮ ಮೃಗಾಲಯಗಳು



ವೈರಾಗ್ಯನಿಧಿ ಅಕ್ಕಮಹಾದೇವಿಯ ಒಂದು ಪ್ರಸಿದ್ಧ ವಚನದಲ್ಲಿ ಎರಡು ಉಪಮೆಗಳಿವೆ. ತನ್ನ ಗುಂಪಿನಿಂದ ಬೇರ್ಪಟ್ಟು ಮನುಷ್ಯರ ಕೈಗೆ ಸಿಕ್ಕ ಆನೆಯು ತಾನು ಹುಟ್ಟಿ ಬೆಳೆದ ಗಿರಿವನವನ್ನು ಸ್ಮರಿಸುವುದು ಒಂದು. ಪಂಜರ ಸೇರಿದ ಗಿಳಿಯು ತನ್ನ ಬಳಗಕ್ಕಾಗಿ ಹಂಬಲಿಸುವುದು ಇನ್ನೊಂದು. ಚೆನ್ನಮಲ್ಲಿಕಾರ್ಜುನನಿಗಾಗಿ ತನ್ನ ಅಂತರಂಗದಲ್ಲಿ ಏಳುವ ತಳಮಳವನ್ನು ಹೇಳಲು ಅಕ್ಕನು ಈ ಎರಡು ಮೂಕಪ್ರಾಣಿಗಳ ವೇದನೆಯನ್ನು ಆರಿಸಿಕೊಂಡಳು. ಈ ವಚನವನ್ನು ನಾವು ಪ್ರಾರ್ಥನೆಯ ವೇಳೆಯಲ್ಲಿ ಹಾಡುತ್ತೇವೆ, ಪ್ರವಚನಗಳಲ್ಲಿ ಕೇಳುತ್ತೇವೆ. ಆತ್ಮವು ಪರಮಾತ್ಮನನ್ನು ಅರಸುವ ಬಗೆಯನ್ನು ವಿವರಿಸಿ, ಅಲ್ಲಿಗೆ ವ್ಯಾಖ್ಯಾನವನ್ನು ಮುಗಿಸುತ್ತೇವೆ.

ಆದರೆ ಇಲ್ಲಿ ಕ್ಷಣಕಾಲ ನಿಂತು ವಿಚಾರಿಸಬೇಕಾದ ಸಂಗತಿಯೊಂದಿದೆ. ಉಪಮಾನವು ಸತ್ಯವಾಗಿದ್ದರೆ ಮಾತ್ರ ಉಪಮೇಯಕ್ಕೆ ಬಲ ಬರುತ್ತದೆ. ಸೆರೆಯಾದ ಆನೆಗೆ ನೆನಪಿಲ್ಲ, ಹಂಬಲವಿಲ್ಲ, ಹೊಟ್ಟೆ ತುಂಬಿದರೆ ಅದಕ್ಕೆ ಎಲ್ಲ ನೆಲವೂ ಒಂದೇ ಎಂದು ಅಕ್ಕನು ಭಾವಿಸಿದ್ದರೆ, ತನ್ನ ಪರಮ ವಿರಹಕ್ಕೆ ಅದನ್ನು ಸಾಕ್ಷಿಯಾಗಿ ಕರೆಯುತ್ತಿದ್ದಳೇ? ಎಂದಿಗೂ ಇಲ್ಲ. ಆ ಪ್ರಾಣಿಯ ಸಂಕಟವನ್ನು ಆಕೆ ತನ್ನ ಸಂಕಟದಷ್ಟೇ ನಿಜವೆಂದು ಕಂಡಿದ್ದಳು. ಹಾಗಾದರೆ, ಆ ವಚನವನ್ನು ಭಕ್ತಿಯಿಂದ ಹಾಡುವ ನಾವು ರಜೆಯ ದಿನ ಮಕ್ಕಳ ಕೈ ಹಿಡಿದು ಮೃಗಾಲಯಕ್ಕೆ ಹೋಗಿ, ಕಂದಕದಾಚೆಗೆ ನಿಂತ ಆನೆಯನ್ನು ನೋಡಿ ನಕ್ಕು ಬರುವುದು ಎಂತಹ ನಡೆ? ನುಡಿಗೂ ನಡೆಗೂ ನಡುವೆ ಬಿರುಕು ಇರಬಾರದೆಂಬುದೇ ಶರಣಧರ್ಮದ ತಿರುಳಲ್ಲವೇ? ಈ ಲೇಖನದ ವಿಷಯ ಇದೇ ಆಗಿದೆ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿನಿಲಯದ ಮಕ್ಕಳನ್ನು ಕರೆದುಕೊಂಡು ಒಂದು ಮೃಗಾಲಯಕ್ಕೆ ಹೋಗುವ ಪ್ರಸಂಗ ನನಗೆ ಒದಗಿತ್ತು. ತೋಳದ ಆವರಣದ ಮುಂದೆ ಮಕ್ಕಳು ಸಾಲಾಗಿ ನಿಂತಿದ್ದರು. ಆ ತೋಳವು ಬೇಲಿಯ ಅಂಚಿನಲ್ಲಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಒಂದೇ ಜಾಡಿನಲ್ಲಿ ನಡೆಯುತ್ತಿತ್ತು. ಅದರ ಹೆಜ್ಜೆಗಳಿಂದಲೇ ನೆಲದ ಮೇಲೆ ಹುಲ್ಲಿಲ್ಲದ ಒಂದು ದಾರಿ ಸವೆದಿತ್ತು. ಯಾರೋ ಕುರುಕಲು ತಿಂಡಿಯ ಪೊಟ್ಟಣ ಎಸೆದರು, ಯಾರೋ ಶಿಳ್ಳೆ ಹಾಕಿದರು. ಅದು ತಿರುಗಿಯೂ ನೋಡಲಿಲ್ಲ. ಐದನೆಯ ತರಗತಿಯ ಒಬ್ಬ ಹುಡುಗ ನನ್ನ ತೋಳು ಜಗ್ಗಿ, "ಸರ, ಅದು ಏನ್ ಹುಡುಕಾಕತ್ತೈತ್ರಿ?" ಎಂದು ಕೇಳಿದ. ಅವನ ಮನೆಯವರು ಕುರಿ ಕಾಯುವವರು. ತೋಳವೆಂದರೆ ಅವರ ಮನೆಗೆ ಶತ್ರು. ಆದರೂ ಆ ಮಗುವಿಗೆ ಅದು ಏನನ್ನೋ ಕಳೆದುಕೊಂಡಿದೆ ಎಂಬುದು ಕಂಡಿತು. "ಮುಂದೆ ನಡೆ, ಹೊತ್ತಾಯಿತು" ಎಂದಷ್ಟೇ ಹೇಳಿ ನಾನು ಉತ್ತರದಿಂದ ತಪ್ಪಿಸಿಕೊಂಡೆ. ಆ ಪ್ರಶ್ನೆ ಮಾತ್ರ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಮೃಗಾಲಯವೆಂಬ ವ್ಯವಸ್ಥೆ ನಮ್ಮ ನಾಡಿಗೆ ಹೇಗೆ ಬಂದಿತೆಂಬುದನ್ನು ಮೊದಲು ನೋಡೋಣ. ಮೈಸೂರಿನ ಮೃಗಾಲಯವು 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಅವರ ಆಳ್ವಿಕೆಯಲ್ಲಿ ಅರಮನೆಯ ಸಂಗ್ರಹವಾಗಿ, ಸುಮಾರು ಹತ್ತು ಎಕರೆ ಜಾಗದಲ್ಲಿ ಆರಂಭವಾಯಿತು. ಸ್ವಾತಂತ್ರ್ಯಾನಂತರ ಸರ್ಕಾರದ ಕೈಗೆ ಬಂದು, 1972ರಲ್ಲಿ ಅರಣ್ಯ ಇಲಾಖೆಗೆ ಸೇರಿ, 1979ರಲ್ಲಿ ರಚಿತವಾದ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಆಡಳಿತಕ್ಕೆ ಒಳಪಟ್ಟಿತು. ದೇಶದ ಮೃಗಾಲಯಗಳ ಮೇಲ್ವಿಚಾರಣೆಗೆ 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಸ್ಥಾಪನೆಯಾಯಿತು. ಇಕ್ಕಟ್ಟಾದ ಕಬ್ಬಿಣದ ಪಂಜರಗಳು ಹೋಗಿ ಕಂದಕ, ಮರ, ಕೊಳಗಳುಳ್ಳ ಆವರಣಗಳು ಬಂದವು, ಪಶುವೈದ್ಯರು ನೇಮಕಗೊಂಡರು. ಇವೆಲ್ಲವೂ ಸ್ವಾಗತಾರ್ಹ. ಬಿಸಿಲು ಮಳೆ ಎನ್ನದೆ ಪ್ರಾಣಿಗಳ ಲದ್ದಿ ಬಳಿದು, ಮೇವು ಹಾಕಿ, ತಾಯಿ ಬಿಟ್ಟ ಮರಿಗಳಿಗೆ ಹಾಲೂಡಿಸಿ ಬೆಳೆಸುವ ಪಾಲಕರ ಕಾಯಕವನ್ನು ಲಘುವಾಗಿ ಕಾಣುವುದು ಪಾಪವೇ ಸರಿ. ಪ್ರಶ್ನೆ ಅವರ ಶ್ರದ್ಧೆಯದಲ್ಲ. ಪಂಜರವು ದೊಡ್ಡದಾಯಿತು, ಚಂದವಾಯಿತು. ಆದರೆ ಅದು ಯಾರಿಗಾಗಿ ಇದೆ ಎಂಬ ಮೂಲಪ್ರಶ್ನೆ ಹಾಗೆಯೇ ಉಳಿದಿದೆ.

ಅಕ್ಕನು ಅನುಭಾವದಿಂದ ಅರಿತುದನ್ನು ಇಂದಿನ ವಿಜ್ಞಾನವು ಅಳತೆಯಿಂದ ತಿಳಿಸುತ್ತಿದೆ. 2003ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ, ಕಾಡಿನಲ್ಲಿ ವಿಶಾಲ ಪ್ರದೇಶದಲ್ಲಿ ಸಂಚರಿಸುವ ಮಾಂಸಾಹಾರಿ ಪ್ರಾಣಿಗಳೇ ಸೆರೆಯಲ್ಲಿ ಹೆಚ್ಚಾಗಿ ಹೀಗೆ ಅತ್ತಿಂದಿತ್ತ ಅಲೆಯುತ್ತವೆ. ಅವುಗಳ ಮರಿಗಳ ಸಾವೂ ಹೆಚ್ಚು. ಹಿಮಕರಡಿಗೆ ಮೃಗಾಲಯದಲ್ಲಿ ದೊರೆಯುವ ಜಾಗವು ಅದರ ಸಹಜ ಸಂಚಾರಭೂಮಿಯ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ ಎಂದು ಅದು ಲೆಕ್ಕ ಹಾಕಿತು. 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನವು ಹೆಣ್ಣಾನೆಗಳ ಆಯುಷ್ಯವನ್ನು ಹೋಲಿಸಿತು. ಯುರೋಪಿನ ಮೃಗಾಲಯಗಳಲ್ಲಿ ಹುಟ್ಟಿದ ಏಷ್ಯಾದ ಆನೆಗಳ ಮಧ್ಯಮ ಆಯುಷ್ಯ 18.9 ವರ್ಷ, ಮ್ಯಾನ್ಮಾರಿನ ಕೂಪುಗಳಲ್ಲಿ ಮರ ಎಳೆದು ದುಡಿಯುವ ಆನೆಗಳದು 41.7 ವರ್ಷ. ಬಂಧುಗಳೇ, ಈ ಹೋಲಿಕೆಯನ್ನು ಗಮನಿಸಬೇಕು. ಮರ ಎಳೆಯುವ ಆನೆಯೂ ಮನುಷ್ಯನ ಅಧೀನದಲ್ಲಿಯೇ ಇರುವುದು. ಆದರೂ ಕಾಡಿನ ಅಂಚಿನಲ್ಲಿ, ತನ್ನವರ ನಡುವೆ ಇರುವ ಆ ದುಡಿಮೆಯ ಆನೆಯು, ಕುಳಿತಲ್ಲಿಯೇ ಉಣ್ಣುವ ಮೃಗಾಲಯದ ಆನೆಗಿಂತ ಎರಡು ಪಟ್ಟಿಗೂ ಮಿಕ್ಕಿ ಬದುಕಿತು. ಅಲ್ಲಿಂದೀಚೆಗೆ ಆರೈಕೆ ಎಷ್ಟೇ ಸುಧಾರಿಸಿದ್ದರೂ, ಮೇವೊಂದರಿಂದಲೇ ಪ್ರಾಣವು ಪೋಷಣೆಗೊಳ್ಳುವುದಿಲ್ಲವೆಂಬ ಪಾಠ ಸುಳ್ಳಾಗುವುದಿಲ್ಲ.

ಗುಂಪಿನಿಂದ ಬೇರ್ಪಟ್ಟ ಆನೆ ಎಂಬುದು ಹಳೆಯ ಕಾಲದ ಮಾತಲ್ಲ. 1998ರಲ್ಲಿ ಜಿಂಬಾಬ್ವೆ ದೇಶದಿಂದ ಉಡುಗೊರೆಯಾಗಿ ದೆಹಲಿಯ ಮೃಗಾಲಯಕ್ಕೆ ಬಂದ ಶಂಕರ್ ಎಂಬ ಆಫ್ರಿಕದ ಆನೆಯು, ಜೊತೆಗಾತಿ ತೀರಿಕೊಂಡ ಮೇಲೆ ಎರಡು ದಶಕಗಳಷ್ಟು ಕಾಲ ಒಂಟಿಯಾಗಿ ಬದುಕಿತು. ಅದನ್ನು ಸರಪಳಿಯಲ್ಲಿ ಕಟ್ಟಿದ ಕಾರಣಕ್ಕೆ 2024ರ ಅಕ್ಟೋಬರಿನಲ್ಲಿ ಮೃಗಾಲಯಗಳ ಜಾಗತಿಕ ಸಂಘವು ದೆಹಲಿ ಮೃಗಾಲಯದ ಸದಸ್ಯತ್ವವನ್ನೇ ಅಮಾನತಿನಲ್ಲಿಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಆ ಆನೆ ಸತ್ತಿತು. ನಮ್ಮ ಮೈಸೂರಿನಲ್ಲಿಯೂ, 1995ರಲ್ಲಿ ಡಬ್ಲಿನ್‌ನಿಂದ ಬಂದ ಪೋಲೋ ಎಂಬ ಗೊರಿಲ್ಲಾ, ಇಡೀ ದೇಶದಲ್ಲಿ ತನ್ನ ಜಾತಿಯ ಇನ್ನೊಂದು ಜೀವವಿಲ್ಲದೆ ತನ್ನ ಕೊನೆಯ ವರ್ಷಗಳನ್ನು ಕಳೆದು 2014ರಲ್ಲಿ ತೀರಿಕೊಂಡಿತು. 2025ರ ಜುಲೈನಲ್ಲಿ ಬನ್ನೇರುಘಟ್ಟದಿಂದ ನಾಲ್ಕು ಎಳೆಯ ಆನೆಗಳು ವಿಮಾನವೇರಿ ಜಪಾನಿನ ಹಿಮೇಜಿಗೆ ಹೋದವು. ಅವುಗಳ ಬದಲಿಗೆ ಅಲ್ಲಿಂದ ಚೀತಾ, ಜಾಗ್ವಾರ್, ಚಿಂಪಾಂಜಿ ಮೊದಲಾದವು ಬರಬೇಕೆಂಬುದು ಒಪ್ಪಂದ. ಎಲ್ಲವೂ ಕಾನೂನಿನ ಪ್ರಕಾರವೇ ನಡೆದಿರಬಹುದು. ಆದರೆ ಆನೆಯ ಲೋಕದಲ್ಲಿ ಐದು, ಏಳು, ಒಂಬತ್ತು ವರ್ಷದವುಗಳು ಇನ್ನೂ ಮಕ್ಕಳೇ. ಒಂದು ಕುಲದ ಮಕ್ಕಳನ್ನು ಕೊಟ್ಟು ಇನ್ನೊಂದು ಕುಲದ ಮಕ್ಕಳನ್ನು ತರಿಸುವ ಈ ವಿನಿಮಯಕ್ಕೆ, ನಮ್ಮ ನೋಡುವ ಆಸೆಯಲ್ಲದೆ ಬೇರೆ ಯಾವ ಅವಶ್ಯಕತೆ ಇತ್ತು?

ನಮ್ಮ ಸೀಮೆಗೇ ಬರೋಣ. ಬೆಳಗಾವಿ ಸಮೀಪದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯದಲ್ಲಿ 2025ರ ನವೆಂಬರಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ 31 ಕೃಷ್ಣಮೃಗಗಳು ಸತ್ತವು. ಗಳಲೆ ರೋಗದ ಸೋಂಕೇ ಕಾರಣವೆಂದು ಪರೀಕ್ಷೆಯಿಂದ ತಿಳಿಯಿತು. ನಮ್ಮ ಕಡೆಯವರು ಚಿಗರಿ ಎಂದು ಕರೆಯುವ ಈ ಪ್ರಾಣಿ ಬಯಲುಸೀಮೆಯ ಮಗಳು. ಇದರ ರಕ್ಷಣೆಗೆಂದೇ 1974ರಲ್ಲಿ ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರ್ ವಿಸ್ತಾರದ ಅಭಯಾರಣ್ಯವಾಗಿದೆ. ರೋಗವು ಬಯಲಿನಲ್ಲಿಯೂ ಬರುತ್ತದೆ, ಅಲ್ಲಿಯೂ ಚಿಗರಿಗಳು ಸಾಯುತ್ತವೆ, ನಿಜ. ಆದರೆ ಬಯಲಿನ ಚಿಗರಿಗೆ ಚದುರಿ ಓಡಲು ದಿಕ್ಕುಗಳಿವೆ. ಬೇಲಿಯೊಳಗಿನ ಚಿಗರಿಗೆ ಓಟವೇ ಅದರ ಸ್ವಭಾವವಾಗಿದ್ದರೂ ಓಡಲು ಎಡೆಯಿಲ್ಲ. ನಾವು ಒಂದು ಪ್ರಾಣಿಯನ್ನು ಸೆರೆಯಲ್ಲಿಟ್ಟ ಕ್ಷಣದಿಂದ ಅದರ ಹಸಿವು, ರೋಗ, ಸಾವು ಎಲ್ಲವೂ ನಮ್ಮ ಹೊಣೆಯಾಗುತ್ತವೆ. 2023ರಲ್ಲಿ ಬನ್ನೇರುಘಟ್ಟದಲ್ಲಿ ವೈರಾಣು ಸೋಂಕಿನಿಂದ ಏಳು ಚಿರತೆ ಮರಿಗಳು ಸತ್ತಾಗಲೂ ಇದೇ ಮಾತು ಅನ್ವಯಿಸಿತ್ತು. ಯಾರೋ ಒಬ್ಬ ಸಿಬ್ಬಂದಿಯ ಮೇಲೆ ತಪ್ಪು ಹೊರಿಸಿ ಸಮಾಧಾನಪಡುವುದು ಸುಲಭ. ಆದರೆ ಟಿಕೆಟ್ ಕೊಂಡು ಒಳಗೆ ಹೋದ ನಾವೆಲ್ಲರೂ ಆ ಹೊಣೆಯ ಪಾಲುದಾರರು.

ಇನ್ನು ಮೃಗಾಲಯಗಳ ಪರವಾಗಿ ಹೇಳುವ ಮಾತುಗಳನ್ನೂ ನ್ಯಾಯವಾಗಿ ಪರಿಶೀಲಿಸಬೇಕು.

ಮಕ್ಕಳು ಅಲ್ಲಿ ಕಲಿಯುತ್ತಾರೆ ಎಂಬುದು ಮೊದಲನೆಯ ವಾದ. ಬಡ ಮನೆಯ ಮಗುವಿಗೆ ಹುಲಿಯನ್ನು ಕಣ್ಣಾರೆ ಕಾಣುವ ಬೇರೆ ದಾರಿ ಇಲ್ಲ. ಆ ನೋಟದಿಂದಲೇ ಕಾಡಿನ ಮೇಲೆ ಪ್ರೀತಿ ಹುಟ್ಟಿದವರೂ ಉಂಟು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಗುವು ಅಲ್ಲಿ ಕಲಿಯುವುದು ಒಂದೇ ಪಾಠವಲ್ಲ. ಹುಲಿಗೆ ಪಟ್ಟೆಗಳಿವೆ ಎಂಬುದರ ಜೊತೆಯಲ್ಲಿಯೇ, ನನ್ನ ಎರಡು ಗಳಿಗೆಯ ಸಂತೋಷಕ್ಕಾಗಿ ಇನ್ನೊಂದು ಜೀವವು ತನ್ನ ಇಡೀ ಆಯುಷ್ಯವನ್ನು ಸೆರೆಯಲ್ಲಿ ಕಳೆಯುವುದು ಸಹಜ ಎಂಬುದನ್ನೂ ಯಾರೂ ಹೇಳದೆಯೇ ಕಲಿಯುತ್ತದೆ. ಮೊದಲನೆಯ ಪಾಠವನ್ನು ಪುಸ್ತಕದಿಂದ, ಚಲನಚಿತ್ರದಿಂದ ಕಲಿಸಬಹುದು. ಎರಡನೆಯದನ್ನು ಮರೆಸುವುದು ಕಷ್ಟ.

ಅಳಿವಿನ ಅಂಚಿನ ಜೀವಿಗಳನ್ನು ಉಳಿಸುವುದು ಮೃಗಾಲಯಗಳೇ ಎಂಬುದು ಎರಡನೆಯ ವಾದ. ಇದರಲ್ಲಿ ಗಟ್ಟಿಯಾದ ಸತ್ಯವಿದೆ. ಅರೇಬಿಯದ ಓರಿಕ್ಸ್ ಎಂಬ ಬಿಳಿಯ ಮರುಭೂಮಿ ಮೃಗವು 1972ರ ವೇಳೆಗೆ ಕಾಡಿನಿಂದ ಪೂರ್ಣವಾಗಿ ಅಳಿದಿತ್ತು. ಮೃಗಾಲಯಗಳಲ್ಲಿ ಉಳಿದಿದ್ದ ಅದರ ಸಂತಾನವನ್ನು ಬೆಳೆಸಿ 1982ರಲ್ಲಿ ಒಮಾನ್ ದೇಶದ ಮರಳುಗಾಡಿಗೆ ಮರಳಿಸಲಾಯಿತು. ಡಾರ್ಜಿಲಿಂಗ್‌ನ ಮೃಗಾಲಯದಲ್ಲಿ ಬೆಳೆದ ಎರಡು ಕೆಂಪು ಪಾಂಡಾಗಳನ್ನು 2003ರಲ್ಲಿ ಸಿಂಗಾಲಿಲಾ ಅರಣ್ಯಕ್ಕೆ ಬಿಡಲಾಯಿತು. ಅಸ್ಸಾಮಿನ ಮಾನಸ್ ಅರಣ್ಯದಿಂದ 1996ರಲ್ಲಿ ಹಿಡಿದ ಕೆಲವೇ ಕುಬ್ಜ ಹಂದಿಗಳ ಸಂತತಿಯನ್ನು ಸಂವರ್ಧನಾ ಕೇಂದ್ರದಲ್ಲಿ ಬೆಳೆಸಿ, 2008ರಿಂದ ಹುಲ್ಲುಗಾವಲುಗಳಿಗೆ ಬಿಡಲಾಗುತ್ತಿದೆ. ಈ ಕಾರ್ಯಗಳಿಗೆ ತಲೆಬಾಗಲೇಬೇಕು. ಆದರೆ ಇವುಗಳಲ್ಲಿ ಒಂದು ಸಮಾನ ಗುಣವಿದೆ: ಎಲ್ಲದರ ಗುರಿಯೂ ಮರಳಿ ಕಳುಹಿಸುವುದು. ಸೆರೆಯು ಅಲ್ಲಿ ಮಾರ್ಗವೇ ಹೊರತು ಗಮ್ಯವಲ್ಲ. ನಮ್ಮ ಮೃಗಾಲಯಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ಹುಟ್ಟಿ ಸಾಯುವ ಸಿಂಹ, ಜಿರಾಫೆ, ನೀರುಕುದುರೆಗಳ ಪೈಕಿ ಯಾವುದು ಆಫ್ರಿಕದ ಬಯಲಿಗೆ ಹಿಂತಿರುಗಲಿದೆ? ಹಿಂತಿರುಗುವ ಆಲೋಚನೆಯೇ ಇಲ್ಲದಲ್ಲಿ ಸಂರಕ್ಷಣೆ ಎಂಬ ಪವಿತ್ರ ಶಬ್ದವನ್ನು ಬಳಸುವುದು ಕೇವಲ ವೇಷವಾಗುತ್ತದೆ. ವೇಷಕ್ಕೆ ಶರಣರು ಎಂದೂ ಮರುಳಾದವರಲ್ಲ.

ಕಾಡಿನಲ್ಲಿ ಉರುಳು, ವಿಷ, ಹಸಿವುಗಳಿವೆ; ಇಲ್ಲಿ ಪ್ರಾಣಿ ಸುರಕ್ಷಿತವಾಗಿದೆ ಎಂಬುದು ಮೂರನೆಯ ವಾದ. ಕೆಲವು ಪ್ರಾಣಿಗಳ ಮಟ್ಟಿಗೆ ಇದು ಪೂರ್ಣ ಸತ್ಯ. ಕಲಂದರ್ ಸಮುದಾಯದವರು ಮೂಗಿಗೆ ಹಗ್ಗ ಪೋಣಿಸಿ ಕುಣಿಸುತ್ತಿದ್ದ ಕರಡಿಗಳಿಗೆ ಬನ್ನೇರುಘಟ್ಟದಲ್ಲಿ ಆಶ್ರಯ ಕೇಂದ್ರವಾಯಿತು. ಕಾಡಿನಲ್ಲಿ ಬದುಕುವ ವಿದ್ಯೆಯನ್ನೇ ಕಲಿಯದ ಆ ಪ್ರಾಣಿಗಳಿಗೆ ಬೇರೆ ಗತಿ ಇರಲಿಲ್ಲ. ಮೈಸೂರಿನ ಬಳಿಯ ಕೂರ್ಗಳ್ಳಿಯಲ್ಲಿ, ಊರೊಳಗೆ ಬಂದು ಸೆರೆಯಾದ ಹಾಗೂ ಗಾಯಗೊಂಡ ಹುಲಿ, ಚಿರತೆಗಳನ್ನು ನೋಡಿಕೊಳ್ಳುವ ಪುನರ್ವಸತಿ ಕೇಂದ್ರವಿದೆ. ಅಲ್ಲಿಗೆ ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಈ ಮಾತನ್ನು ಅವಶ್ಯವಾಗಿ ನೆನಪಿಡಬೇಕು. ಆಶ್ರಯ ನೀಡಲು ಪ್ರದರ್ಶನ ಬೇಕಾಗಿಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಅನಾಥ ಮಗುವಿಗೆ ಅನ್ನವಿಕ್ಕುವುದು ದಾಸೋಹ. ಆ ಮಗುವನ್ನು ಬೀದಿಯಲ್ಲಿ ನಿಲ್ಲಿಸಿ ಕಾಸು ಎತ್ತುವುದು ದಾಸೋಹವಲ್ಲ.

ಹೀಗೆ ಎಲ್ಲವನ್ನೂ ತೂಗಿ ನೋಡಿದಾಗ ನನಗೆ ಸಿದ್ಧಿಸುವ ನಿಲುವು ಇಷ್ಟು. ಕಾಡುಪ್ರಾಣಿಯನ್ನು ಸೆರೆಯಲ್ಲಿಡುವುದು ಯಾವಾಗಲೂ ಒಂದು ಋಣ. ಆ ಋಣವನ್ನು ಎರಡೇ ಕಾರಣಗಳು ಸಮರ್ಥಿಸಬಲ್ಲವು: ಒಂದು, ಆ ಪ್ರಾಣಿಗೆ ಮರಳಿ ಹೋಗಲು ಸಾಧ್ಯವೇ ಇಲ್ಲದಿರುವುದು, ಇನ್ನೊಂದು, ಅದನ್ನೋ ಅದರ ಸಂತಾನವನ್ನೋ ಮರಳಿ ಕಳುಹಿಸುವ ನಿಜವಾದ ಯೋಜನೆ ಇರುವುದು. ಎರಡೂ ಕಾರಣಗಳು ಪ್ರಾಣಿಯ ಕಡೆಯಿಂದ ಹುಟ್ಟಿದವು. ನಮ್ಮ ನೋಡುವ ಆಸೆ, ಊರಿನ ಪ್ರತಿಷ್ಠೆ, ಪ್ರವಾಸೋದ್ಯಮದ ವರಮಾನ ಇವು ಯಾವುವೂ ಆ ಋಣವನ್ನು ತೀರಿಸಲಾರವು. ನಮ್ಮ ಸಂವಿಧಾನದ 51ಎ ವಿಧಿಯು ಜೀವಿಗಳ ಬಗ್ಗೆ ಅನುಕಂಪ ಹೊಂದಿರುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಸಾರುತ್ತದೆ. ಧರ್ಮಕ್ಕೆ ದಯೆಯೇ ಆಧಾರವೆಂದು ಅಣ್ಣ ಬಸವಣ್ಣನವರಿಂದ ಕಲಿತ ನಮಗೆ ಈ ಕರ್ತವ್ಯವನ್ನು ಸಂವಿಧಾನವೇ ನೆನಪಿಸಬೇಕಾಗಿ ಬಂದದ್ದು ನಾಚಿಕೆಯ ಸಂಗತಿ.

ಅನ್ಯರನ್ನು ತಿದ್ದುವ ಮೊದಲು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಗುಡಿ ಮಠಗಳ ಅಂಗಳದಲ್ಲಿ ಸರಪಳಿಗೆ ಕಟ್ಟಿದ ಆನೆಯ ಸೊಂಡಿಲಿನಿಂದ ಆಶೀರ್ವಾದ ಪಡೆದವರಲ್ಲಿ ನಾವೂ ಇದ್ದೇವೆ. 2024ರಲ್ಲಿ ರಂಭಾಪುರಿ ಪೀಠಕ್ಕೆ ಉತ್ಸವಗಳಿಗಾಗಿ ಒಂದು ಯಾಂತ್ರಿಕ ಆನೆ ಸಮರ್ಪಿತವಾದಾಗ ಕೆಲವರು ನಕ್ಕಿರಬಹುದು. ನನಗಾದರೋ ಅದು ಕಾಲೋಚಿತ ವಿವೇಕವೆಂದೇ ತೋರಿತು. ಮೆರವಣಿಗೆಯ ವೈಭವಕ್ಕೆ ಒಂದು ಜೀವವನ್ನು ಅದರ ಬಳಗದಿಂದ ಅಗಲಿಸಬೇಕಾಗಿಲ್ಲ ಎಂದಾದರೆ, ರಜೆಯ ದಿನದ ವಿನೋದಕ್ಕೆ ಅಗಲಿಸಬೇಕೇಕೆ?

ಹಾಗೆಂದು ಮೃಗಾಲಯಗಳ ಬಾಗಿಲನ್ನು ನಾಳೆಯೇ ತೆರೆದು ಪ್ರಾಣಿಗಳನ್ನು ಕಾಡಿಗೆ ಅಟ್ಟಬೇಕೆಂದು ನಾನು ಹೇಳುತ್ತಿಲ್ಲ. ಅದು ದಯೆಯಲ್ಲ, ಕೈತೊಳೆದುಕೊಳ್ಳುವ ಕ್ರೌರ್ಯ. ಸೆರೆಯಲ್ಲಿ ಹುಟ್ಟಿದ ಪ್ರಾಣಿಗೆ ಬೇಟೆಯೂ ತಿಳಿಯದು, ಭಯವೂ ತಿಳಿಯದು. ಕೋಸ್ಟರಿಕ ದೇಶವು 2013ರಲ್ಲಿ ಕಾನೂನು ಮಾಡಿ, 2024ರ ಮೇ ತಿಂಗಳಿನಲ್ಲಿ ತನ್ನ ಎರಡು ಸರ್ಕಾರಿ ಮೃಗಾಲಯಗಳನ್ನು ಮುಚ್ಚಿ, ಅಲ್ಲಿನ ಪ್ರಾಣಿಗಳನ್ನು ರಕ್ಷಣಾ ಕೇಂದ್ರಕ್ಕೆ ಸಾಗಿಸಿತು. ನಾವೂ ಹಂತಹಂತವಾಗಿ ನಡೆಯಬಹುದು. ಹೊರದೇಶಗಳಿಂದ ಹೊಸ ಪ್ರಾಣಿಗಳನ್ನು ತರಿಸುವುದು ನಿಲ್ಲಲಿ. ಮರಳಿಸಲಾಗದ ಜಾತಿಗಳ ಸಂತಾನವೃದ್ಧಿ ನಿಲ್ಲಲಿ. ಈಗಿರುವ ಪ್ರಾಣಿಗಳು ಘನತೆಯಿಂದ ತಮ್ಮ ಆಯುಷ್ಯವನ್ನು ಪೂರೈಸಲಿ. ಖಾಲಿಯಾಗುವ ಆವರಣಗಳು ಗಾಯಗೊಂಡ ನಮ್ಮದೇ ಕಾಡಿನ ಜೀವಿಗಳಿಗೆ ಆಶ್ರಯವಾಗಲಿ.

ಸರ್ಕಾರ ಮಾಡಬೇಕಾದುದು ಅದು. ಭಕ್ತರಾದ ನಾವು ಮಾಡಬಹುದಾದುದೂ ಇದೆ. ಮೃಗಾಲಯಕ್ಕೆ ಹೋಗಲೇಬೇಕಾದರೆ, ಅಲ್ಲಿ ಪ್ರಾಣಿಗಳನ್ನು ಕೆಣಕುವುದು, ಕೂಗಿ ಬೆದರಿಸುವುದು, ತಿಂಡಿ ಎಸೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೆಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿರಿ. ಹುಟ್ಟುಹಬ್ಬಕ್ಕೆ ಪ್ರಾಣಿಯೊಂದನ್ನು ದತ್ತು ಪಡೆಯುವ ಪರಿಪಾಠ ಬೆಳೆದಿದೆ. ಕೋವಿಡ್ ಕಾಲದಲ್ಲಿ ಮೃಗಾಲಯಗಳು ಮುಚ್ಚಿ ಟಿಕೆಟ್ಟಿನ ವರಮಾನ ನಿಂತಾಗ ಇಂತಹ ದಾನಿಗಳು ಪ್ರಾಣಿಗಳ ಮೇವಿಗೆ ನೆರವಾದರು. ಅದು ಶ್ಲಾಘ್ಯ. ಆದರೆ ದಾಸೋಹದಲ್ಲಿ ನಾನು ಕೊಟ್ಟೆನೆಂಬ ಭಾವಕ್ಕೆ ಎಡೆಯಿಲ್ಲ. ಹೆಸರಿನ ಫಲಕವನ್ನು ಬಯಸದೆ ಕೊಡಿರಿ. ಸಿಂಹ, ಹುಲಿಗಳನ್ನೇ ಆರಿಸದೆ, ಯಾರೂ ನೋಡಲು ಬಾರದ ಪುನರ್ವಸತಿ ಕೇಂದ್ರದ ಕುಂಟು ಚಿರತೆಗೂ ಕೊಡಿರಿ. ಇನ್ನು ಶಾಲೆಗಳನ್ನು ನಡೆಸುವ ಬಂಧುಗಳಲ್ಲಿ ನನ್ನ ವಿನಂತಿ ಒಂದೇ: ಈ ವರ್ಷದ ಪ್ರವಾಸಕ್ಕೆ ಮಕ್ಕಳನ್ನು ರಾಣೆಬೆನ್ನೂರಿನ ಬಯಲಿಗೆ ಕರೆದೊಯ್ಯಿರಿ. ಚಿಗರಿಗಳು ದೂರದಲ್ಲಿಯೇ ಕಂಡಾವು, ಒಮ್ಮೊಮ್ಮೆ ಕಾಣದೆಯೂ ಹೋದಾವು. ಕಾಣದೆ ಮರಳಿದರೂ, ಈ ಲೋಕವು ತನ್ನ ನೋಟಕ್ಕಾಗಿಯೇ ಸೃಷ್ಟಿಯಾದುದಲ್ಲವೆಂಬುದನ್ನು ಮಗುವು ಕಲಿತು ಬರುತ್ತದೆ.

ಆ ಹುಡುಗನ ಪ್ರಶ್ನೆಗೆ ಅಂದು ನಾನು ಉತ್ತರಿಸಲಿಲ್ಲ. ಉತ್ತರವು ನನಗೆ ತಿಳಿದಿರಲಿಲ್ಲವೆಂದಲ್ಲ. ಅಕ್ಕನ ಆ ವಚನವು ನನಗೆ ಕಂಠಪಾಠವಾಗಿತ್ತು, ಎಷ್ಟೋ ಸಭೆಗಳಲ್ಲಿ ಅದನ್ನು ವಿವರಿಸಿಯೂ ಇದ್ದೆ. ಆದರೆ ಅದು ನನ್ನ ಕಣ್ಣೆದುರಿನ ಬೇಲಿಯಾಚೆಗೆ ನಡೆದಾಡುತ್ತಿದ್ದಾಗ ನಾನು ಗುರುತಿಸಲಿಲ್ಲ. ಇಂದು ಅವನು ಎದುರಿಗೆ ಬಂದು ಮತ್ತೆ ಕೇಳಿದರೆ, "ಅದು ತನ್ನ ಮನೆಯನ್ನು ಹುಡುಕುತ್ತಿದೆಯಪ್ಪಾ, ಅದನ್ನು ಕಸಿದವರು ನಾವೇ" ಎಂದು ಹೇಳುವ ಧೈರ್ಯವನ್ನು ಗುರುವು ನನಗೆ ಕರುಣಿಸಲಿ.